ಹಿಂದಿನವನ ಕೂಗು

ಬೆಟ್ಟದಲ್ಲಿ ದೆವ್ವ ಇದೆಯೇ ಎಂದು ಕೇಳುವ ಪ್ರವಾಸಿಗರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನೀವು ಬಿಸಾಡಿದ ಚಿಪ್ಸ್ ಪೊಟ್ಟಣಗಳಿವೆ, ಬೇರೇನೂ ಇಲ್ಲ ಎಂದು ಮುಖಕ್ಕೇ ಹೇಳುತ್ತಿದ್ದೆ. ನಾನು ನಾಪೋಕ್ಲು ಕಡೆಯ ಗೈಡ್. ಇಂಥದ್ದನ್ನೆಲ್ಲ ನಂಬದವನೇ ಇದನ್ನು ಬರೆಯುತ್ತಿದ್ದೇನೆ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ.

ನಮ್ಮ ಅಜ್ಜಂದಿರು ಬಿಳಿ ದೊರೆಗಳನ್ನು ಬೇಟೆಗೆ ಕರೆದೊಯ್ಯುತ್ತಿದ್ದರು. ಆಗ ಈ ಕೆಲಸಕ್ಕೊಂದು ಹೆಸರೂ ಇರಲಿಲ್ಲ. ಈಗ ಕೊರಳಲ್ಲಿ ಕಾರ್ಡು ನೇತಾಡುತ್ತದೆ. ಅವರ ಕಾಲದ ಒಂದು ಪದ್ಧತಿ ಮಾತ್ರ ಉಳಿದಿದೆ. ಮಂಜು ಮುಸುಕಿದರೆ ಮುಂದಿನ ಗೈಡ್ ‘ಕೂ’ ಎಂದು ಕೂಗಬೇಕು, ಎಲ್ಲರಿಗಿಂತ ಹಿಂದೆ ಬರುವವನು ಓಗೊಡಬೇಕು. ಅವನು ಓಗೊಡುತ್ತಿರುವವರೆಗೆ ಮುಂದಿನವನು ತಿರುಗಿ ಹೋಗುವಂತಿಲ್ಲ. ಹೋದರೆ ನಡುವೆ ಇರುವವರು ದಾರಿ ತಪ್ಪುತ್ತಾರೆ.

ಕೆಲವು ವರ್ಷಗಳ ಹಿಂದೆ, ಮಳೆಗಾಲ ಮುಗಿದ ಹೊಸತು. ಮುಂದೆ ನಾನು, ನಡುವೆ ಪ್ರವಾಸಿಗರ ಗುಂಪು, ಹಿಂದೆ ನನ್ನ ಜೊತೆಗಾರ ಕುಶಾಲಪ್ಪ. ತುದಿಯಲ್ಲಿ ಊಟ ಮುಗಿಯುವಷ್ಟರಲ್ಲಿ ಮಂಜು ಕವಿಯಿತು. “ನೀ ಇವ್ರನ್ನ ಇಳ್ಸ್ತಾ ಇರು ಮಾರಾಯ, ನಾನು ಕಸ ಹೆಕ್ಕಿ ಬರ್ತೇನೆ,” ಎಂದ. ಇಳಿಯುವಾಗ ನಾನು ಕೂಗಿದಾಗಲೆಲ್ಲ ಅವನ ಒಡಕು ದನಿ ಓಗೊಟ್ಟಿತು. ಕೆಳಗೆ ಜೀಪಿನ ಬಳಿ ಎಲ್ಲರೂ ಬಂದು ಸೇರಿದರು. ಅವನು ಬರಲಿಲ್ಲ. ಕೊನೆಯಲ್ಲಿ ಇಳಿದ ಹೆಂಗಸು, “ನನ್ನ ಬೆನ್ನ ಹಿಂದೇನೇ ಇದ್ರಲ್ಲ. ಅಂಚಿಗೆ ಹೋದೆ ಅಂತ ಬೈದು ಬಲಕ್ಕೆ ಕಳಿಸಿದ್ರು,” ಎಂದರು.

ಮತ್ತೆ ಹತ್ತಿದೆ. ತುದಿಯ ಬಂಡೆಯ ಕೆಳಗೆ ತಲೆಯೊಡೆದು ಬಿದ್ದಿದ್ದ. ಪಕ್ಕದಲ್ಲಿದ್ದ ಕಸದ ಚೀಲ ಅರ್ಧವೂ ತುಂಬಿರಲಿಲ್ಲ. ಮೈ ಯಾವಾಗಲೋ ತಣ್ಣಗಾಗಿ, ಜಿಗಣೆಗಳೂ ಅವನನ್ನು ಬಿಟ್ಟು ಹೋಗಿದ್ದವು.

ಬಿದ್ದಲ್ಲೇ ಪ್ರಾಣ ಹೋಗಿದೆ, ಕೂಗುವ ಮಾತೇ ಇಲ್ಲ ಎಂದರು ಡಾಕ್ಟರು. ನೀವು ಕೇಳಿದ್ದು ನಿಮ್ಮದೇ ಪ್ರತಿಧ್ವನಿ ಎಂದು ಉಳಿದವರು ನನಗೆ ತಿಳಿಹೇಳಿದರು. ಪ್ರತಿಧ್ವನಿ ಯಾರನ್ನಾದರೂ ಬೈದು ಬಲಕ್ಕೆ ಕಳಿಸುತ್ತದೆಯೇ? ಯೋಚಿಸಿ ಯೋಚಿಸಿ ತಲೆ ಕೆಟ್ಟಿತು.

ತಿಥಿಯೆಲ್ಲ ಕಳೆದ ಮೇಲೆ, ಸ್ವಲ್ಪ ಸಮಾಧಾನವಾದೀತೆಂದು ಅವನ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಅಳಲಿಲ್ಲ. ನನ್ನನ್ನೇ ನೋಡುತ್ತ ಕೇಳಿದಳು:

“ಸತ್ತ ಮೇಲೂ ನಿಮ್ಮ ಗೆಸ್ಟುಗಳ್ನ ಜೀಪಿನವರೆಗೆ ಬಿಟ್ರು. ಅಲ್ಲಿಂದ ನಮ್ಮನೆ ಎಷ್ಟು ದೂರ ಅಣ್ಣ?”

ಅಂದು ಬೆಟ್ಟದಲ್ಲಿ ನಡೆದದ್ದು ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಜೀಪು ನಿಲ್ಲುವ ಜಾಗ ಅವರ ಅಂಗಳದಿಂದ ಕಾಣುತ್ತದೆ.