ಗಾಡಿ ಎಣ್ಣೆ

ಸಿದ್ದಲಿಂಗಮ್ಮನ ಕೊಟ್ಟಿಗೆಯಲ್ಲಿ ಎರಡು ಹಸು, ಒಂದು ಕರು, ಒಂದು ಜಾವಾ ಮೋಟರ್‌ಸೈಕಲ್ಲು ಇದ್ದವು. ಹಸುಗಳು ಹಾಲು ಕೊಡುತ್ತಿದ್ದವು, ಕರು ಒದೆ ಕೊಡುತ್ತಿತ್ತು, ಮೋಟರ್‌ಸೈಕಲ್ಲು ಏನನ್ನೂ ಕೊಡದೆ ಮೂಲೆಯಲ್ಲಿ ಗೋಣಿತಾಟು ಹೊದ್ದುಕೊಂಡು ನಿಂತು ಏಳು ವರ್ಷವಾಗಿತ್ತು. ಶೀಳನೆರೆಯ ಆಚೆಗಿನ ಆ ಸಣ್ಣ ಊರಿನಲ್ಲಿ ಕೆಲಸ ಮಾಡದೆ ಇಷ್ಟು ಮರ್ಯಾದೆ ಪಡೆದ ವಸ್ತು ಇನ್ನೊಂದಿರಲಿಲ್ಲ. ಪಂಚಾಯಿತಿ ಮೆಂಬರು ಕೂಡ ಅದರ ಆಮೇಲಿನವನೇ. ಪ್ರತಿ ಆಯುಧಪೂಜೆಗೆ ಅದಕ್ಕೆ ಅರಿಶಿನ ಕುಂಕುಮ, ಚೆಂಡುಹೂವಿನ ಹಾರ, ಚಕ್ರದ ಮುಂದೊಂದು ನಿಂಬೆಹಣ್ಣು. ನಿಂಬೆಹಣ್ಣು ಮಾತ್ರ ಇಟ್ಟ ಹಾಗೆಯೇ ಒಣಗುತ್ತಿತ್ತು. ಅದು ಅಪ್ಪಚ್ಚಿಯಾಗಬೇಕಾದರೆ ಚಕ್ರ ಉರುಳಬೇಕಲ್ಲ.

ಗಾಡಿ ಅವಳ ಗಂಡ ಮಂಚಯ್ಯನದು. ರೇಷ್ಮೆಗೂಡಿನ ವ್ಯಾಪಾರಕ್ಕೆ ಊರೂರು ಸುತ್ತುತ್ತಿದ್ದ ಮನುಷ್ಯ. ಗೂಡಿನ ದರ ಹೇಳುವಾಗ ಸುಳ್ಳು ಹೇಳುತ್ತಿದ್ದನೇ ಹೊರತು ಹೆಂಡತಿಗೆ ಹೇಳಿದವನಲ್ಲ. ಒಂದು ಬೇಸಿಗೆಯಲ್ಲಿ ಕೆರೆ ಬತ್ತಿದ್ದಾಗ, ಒಣಗಿದ ಕೆರೆ ಅಂಗಳದಲ್ಲಿ ಅವಳಿಗೆ ಗಾಡಿ ಓಡಿಸುವುದನ್ನು ಕಲಿಸಿದ್ದ. ಏರಿಯ ಮೇಲೆ ನಿಂತು ಊರು ನಕ್ಕಿತ್ತು. ಊರು ನಕ್ಕು ಮುಗಿಸುವಷ್ಟರಲ್ಲಿ ಅವಳು ಕಲಿತಿದ್ದಳು. ಜ್ವರ ಬಿಡದೆ ಮೈಸೂರಿನ ಆಸ್ಪತ್ರೆಗೆ ಹೊರಟ ದಿನ ಬಸ್ಸು ಹತ್ತುತ್ತಾ ಅವನು ಹೇಳಿದ್ದು ಒಂದೇ ಮಾತು: "ನಾ ಬರೋಗಂಟ ಗಾಡಿಗೆ ವಸಿ ಎಣ್ಣೆ ಬುಡ್ತಿರು. ಇಲ್ದಿದ್ರೆ ಕಚ್ಕೊಂಬುಡ್ತದೆ."

ಅವನು ಬರಲಿಲ್ಲ. ಅವಳು ಎಣ್ಣೆ ಬಿಡುವುದನ್ನು ನಿಲ್ಲಿಸಲಿಲ್ಲ. ಎಲ್ಲಿಗೆ ಬಿಡಬೇಕೆಂಬುದು ಗೊತ್ತಿತ್ತು. ಇಂಜಿನ್ನಿನ ನೆತ್ತಿಯ ಮೇಲಿನ ಪ್ಲಗ್ಗು ಬಿಚ್ಚಿ ಆ ತೂತಿಗೆ ಗಂಡ ಎಣ್ಣೆ ಬಿಡುತ್ತಿದ್ದುದನ್ನು ಎಷ್ಟೋ ಸಲ ನೋಡಿದ್ದಳು. ಆಯುಧಪೂಜೆಯ ದಿನ ಪ್ಲಗ್ಗು ಬಿಚ್ಚುವಳು, ಒಂದು ಸೌಟು ಎಣ್ಣೆ ಬಿಡುವಳು, ಪ್ಲಗ್ಗು ಹಾಕುವಳು, ಕೈಮುಗಿಯುವಳು.

ತೊಂಬತ್ತಮೂರರ ಮಳೆಗೆ ಊರಿನ ರಸ್ತೆಯ ಮೋರಿ ಕೊಚ್ಚಿಕೊಂಡು ಹೋಯಿತು. ಹಾಲಿನ ಲಾರಿ ಊರೊಳಕ್ಕೆ ಬರುವುದು ನಿಂತಿತು. ಸಿದ್ದಲಿಂಗಮ್ಮ ಊರಿನ ಹೆಂಗಸರ ಹಾಲಿನ ಸಂಘದ ಕಾರ್ಯದರ್ಶಿ. ಮನೆಮನೆಗೆ ಹೋಗಿ, ಗಂಡಸರ ಗೊಣಗಾಟವನ್ನು ಈ ಕಿವಿಯಿಂದ ಕೇಳಿ ಆ ಕಿವಿಯಿಂದ ಬಿಟ್ಟು, ಅವಳೇ ಕಟ್ಟಿದ ಸಂಘ. ಈಗ ಹಾಲನ್ನು ಕೆರೆ ಏರಿಯ ಕಾಲುದಾರಿಯಲ್ಲಿ, ಲಾರಿ ನಿಲ್ಲುವ ದೊಡ್ಡ ರಸ್ತೆಯ ಗೇಟಿನವರೆಗೆ ಮುಟ್ಟಿಸಬೇಕು. ತಲೆಯ ಮೇಲೆ ಹೊತ್ತು ಹೋದರೆ ಲಾರಿ ಹೊರಟಿರುತ್ತಿತ್ತು. ವಾಪಸ್ಸು ಬಂದ ಹಾಲು ಮಧ್ಯಾಹ್ನಕ್ಕೆ ಒಡೆಯುತ್ತಿತ್ತು. ಮೈದುನ ಪುಟ್ಟರಾಜು ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಹೊರಟವನು ಏರಿಯಿಂದ ಜಾರಿ, ಕೆರೆಯ ಮೀನುಗಳಿಗೆಲ್ಲ ಹಾಲು ಕುಡಿಸಿ ಬಂದ. ಡೇರಿಯ ಸೂಪರ್‌ವೈಸರು ಬೇಜಾರಿನಲ್ಲೇ ಹೇಳಿಹೋದರು: ಆಯುಧಪೂಜೆ ಕಳೆಯುವುದರೊಳಗೆ ಹಾಲು ಹೊತ್ತಿಗೆ ಸರಿಯಾಗಿ ಬರದಿದ್ದರೆ ಸಂಘ ಮುಚ್ಚಬೇಕಾಗುತ್ತದೆ.

ಅಂದು ಸಿದ್ದಲಿಂಗಮ್ಮ ಕೊಟ್ಟಿಗೆಗೆ ಹೋಗಿ ಗೋಣಿತಾಟು ತೆಗೆದಳು. ಸೀಟಿನೊಳಗೆ ಇಲಿಗಳು ಸಂಸಾರ ಹೂಡಿದ್ದವು.

ಸಿಂಧಘಟ್ಟದಿಂದ ಮೆಕ್ಯಾನಿಕ್ ದಾಸಯ್ಯ ಬಂದ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಗಾಡಿಯನ್ನು ಒಂದು ಸುತ್ತು ಹಾಕಿ ಕೇಳಿದ, "ಇದುನ್ನ ಓಡ್ಸೋಕೋ, ಪೂಜೆ ಮಾಡೋಕೋ?"

"ಓಡ್ಸೋಕೆ."

"ಯಾರು ಓಡ್ಸೋರು? ಪುಟ್ಟರಾಜುನಾ? ಮೀನಿಗೆ ಇನ್ನೂ ಹಸಿವು ಅದಂತಾ?"

"ನೀ ಸ್ಟಾರ್ಟ್ ಮಾಡ್ಕೊಡಪ್ಪ. ಓಡ್ಸೋರ್ನ ನಾ ನೋಡ್ಕೋತೀನಿ."

ದಾಸಯ್ಯ ಮೊದಲು ಪೆಟ್ರೋಲ್ ಟ್ಯಾಂಕು ಬಿಚ್ಚಿ, ಒಳಗೆ ಸಣ್ಣ ಜಲ್ಲಿಕಲ್ಲು ತುಂಬಿ, ಪುಟ್ಟರಾಜುವಿನ ಕೈಗೆ ಕೊಟ್ಟು ಕುಲುಕಿಸಿದ. ಏಳು ವರ್ಷದ ತುಕ್ಕು ಕೆಂಪು ನೀರಾಗಿ ಸುರಿಯಿತು. ಮೈಸೂರಿನಿಂದ ಟೈರು ತರಿಸಿದ, ವೈರು ಬದಲಿಸಿದ, ಇಲಿಗಳಿಗೆ ಬೇರೆ ಮನೆ ನೋಡಿಕೊಳ್ಳಲು ಹೇಳಿದ. ಎಲ್ಲವೂ ಮಾತು ಕೇಳಿತು. ಇಂಜಿನ್ನು ಮಾತ್ರ ಕೇಳಲಿಲ್ಲ. ಕಿಕ್ಕರ್ ಮೇಲೆ ಹತ್ತಿ ನಿಂತರೂ ಅದು ಅಲ್ಲಾಡಲಿಲ್ಲ. ಪ್ಲಗ್ಗಿನ ತೂತಿಗೆ ಸೀಮೆಎಣ್ಣೆ ಬಿಟ್ಟು ನೆನೆಯಲು ಬಿಟ್ಟ. ಮತ್ತೆ ಬಂದು ನೋಡಿದ. ಡೀಸೆಲ್ ಬಿಟ್ಟ, ಮತ್ತೆ ಬಂದು ನೋಡಿದ. ಇಂಜಿನ್ನು ಎರಡನ್ನೂ ಕುಡಿದು ಸುಮ್ಮನೆ ಕುಳಿತಿತ್ತು.

ಇಷ್ಟು ಹೊತ್ತಿಗೆ ಮಾಯಣ್ಣ ದಿನಾ ಕೊಟ್ಟಿಗೆಯ ಬಾಗಿಲಲ್ಲಿ ಹಾಜರಾಗತೊಡಗಿದ್ದ. ಅವನ ಅಂಗಡಿಯ ಮುಂಬಾಗಿಲಿನಲ್ಲಿ ಎಣ್ಣೆ ಬೇಳೆ ಮಾರಾಟ, ಹಿಂಬಾಗಿಲಿನಲ್ಲಿ ಹಳೇ ಕಬ್ಬಿಣದ ಖರೀದಿ. ಈ ಜಾವಾದ ಮೇಲೆ ಅವನಿಗೆ ಮಂಚಯ್ಯ ಹೋದ ವರ್ಷದಿಂದ ಕಣ್ಣು. ಕಣ್ಣು ಇಟ್ಟ ಮಾಲನ್ನು ಹೊಗಳಬಾರದೆಂಬ ಬುದ್ಧಿಯೂ ಉಂಟು.

"ಯಾಕಕ್ಕ ಸುಮ್ನೆ ಒದ್ದಾಡ್ತೀಯ?" ಅಂದ. "ಅದರ ಜೀವ ಓಗ್ಬುಟ್ಟದೆ. ನಾನಾದ್ರೆ ತೂಕಕ್ಕಾದ್ರೂ ತಕತೀನಿ."

"ತಕ್ಕಡೀನೂ ತಂದಿದ್ದೀಯೇನಪ್ಪ?"

"ತರ್ಸೋದು ಎಷ್ಟೊತ್ತು ಬುಡಕ್ಕ."

ದಾಸಯ್ಯ ಬೆವರೊರೆಸಿಕೊಂಡ. "ಪಿಸ್ಟನ್ನು ತುಕ್ಕಿಡಿದು ಅದು ಓಡಾಡೋ ಬೋರಿಗೆ ಕಚ್ಕೊಂಡದೆ ಕಣಕ್ಕ. ಇನ್ನೇನಿದ್ರೂ ಮರದ ತುಂಡು ಇಟ್ಟು ಸುತ್ತಿಗೇಲಿ ಒಡೀಬೇಕು. ಬಂದ್ರೆ ಬಂತು. ಬೋರು ಒಡೆದೋದ್ರೆ ಮಾಯಣ್ಣನ ತಕ್ಕಡಿಗೆ."

ನಾಳಿದ್ದು ಆಯುಧಪೂಜೆ. ಹೊರಗೆ ಚಿಕ್ಕಬೋರಮ್ಮ ಒಡೆದ ಹಾಲಿನ ಕ್ಯಾನು ತೊಳೆಯುತ್ತಿದ್ದ ಸದ್ದು ಕೇಳುತ್ತಿತ್ತು; ಅವಳದು ಒಂದೇ ಹಸು, ಮನೆ ನಡೆಯುತ್ತಿದ್ದುದು ಅದರ ಹಾಲಿನ ಬಟವಾಡೆಯಿಂದ. ಸಿದ್ದಲಿಂಗಮ್ಮ ಸುತ್ತಿಗೆಯ ಹಿಡಿಗೆ ಕೈ ಅಡ್ಡ ಇಟ್ಟಳು.

"ತುಕ್ಕು ಎಂಗಿಡೀತದೆ? ವರ್ಸ ವರ್ಸಾನೂ ಎಣ್ಣೆ ಬುಟ್ಟಿದ್ದೀನಲ್ಲ."

"ಎಣ್ಣೆಯಾ? ಯಾವ ಎಣ್ಣೆ?"

"ಗಾಡಿ ಎಣ್ಣೆ."

"ಗಾಡಿ ಎಣ್ಣೆ ಬುಟ್ಟಿದ್ರೆ ಇಂಗ್ಯಾಕೆ ಕಚ್ಕೊಳ್ತದೆ..." ಎಂದು ಶುರುಮಾಡಿದ ದಾಸಯ್ಯ ಅರ್ಧಕ್ಕೆ ನಿಲ್ಲಿಸಿ ಅವಳ ಮುಖ ನೋಡಿದ. "ಯಾವ ಗಾಡಿ ಎಣ್ಣೆ ಅಕ್ಕ?"

"ಇನ್ಯಾವ್ದು? ಎತ್ತಿನ ಗಾಡಿ ಕೀಲಿಗೆ ಬುಡೋದು. ಅಳ್ಳೆಣ್ಣೆ."

ದಾಸಯ್ಯ ಸುತ್ತಿಗೆಯನ್ನು ನೆಲಕ್ಕಿಟ್ಟು ಅದರ ಪಕ್ಕದಲ್ಲೇ ಕುಳಿತ. ಹುಟ್ಟಿದ ಮನೆಯಲ್ಲೂ ಸೇರಿದ ಮನೆಯಲ್ಲೂ ಅವಳು ಕೈಯಾರೆ ಎಣ್ಣೆ ಬಿಟ್ಟ ಗಾಡಿ ಎಂದರೆ ಎತ್ತಿನ ಗಾಡಿ, ಗಾಡಿಗೆ ಎಣ್ಣೆ ಎಂದರೆ ಹರಳೆಣ್ಣೆ. ಮಂಚಯ್ಯ ಇನ್ನೊಂದು ಪದ ಸೇರಿಸಿ ಹೇಳಿದ್ದರೆ ತಿಳಿಯುತ್ತಿತ್ತು; ಅಷ್ಟರಲ್ಲಿ ಬಸ್ಸು ಹೊರಟಿತ್ತು.

"ಅಂಗಾದ್ರೆ ಇದು ತುಕ್ಕಲ್ಲ," ಎಂದ ದಾಸಯ್ಯ, ನಗಬೇಕೋ ಅಳಬೇಕೋ ತಿಳಿಯದೆ. "ಎಣ್ಣೆ ಗಟ್ಟಿಯಾಗಿ ಗೋಂದಿನಂಗೆ ಇಡ್ಕೊಂಡದೆ. ಸೀಮೆಎಣ್ಣೆಗೆ ಇದು ಜಗ್ಗೋದಿಲ್ಲ. ಯಾವುದಕ್ಕೆ ಜಗ್ಗುತ್ತೋ ನಂಗೂ ತಿಳೀದು."

ಮಾಯಣ್ಣ ಹೊರಗಿನ ಹುಣಸೆಮರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ವ್ಯಾಪಾರಿ ಮರ ನೋಡತೊಡಗಿದರೆ ಅವನ ಹತ್ತಿರ ಏನೋ ಮಾಲು ಇದೆಯೆಂದೇ ಅರ್ಥ. ಗೂಡಿನ ವ್ಯಾಪಾರಿಯ ಜೊತೆ ಬಾಳಿದವಳಿಗೆ ಅಷ್ಟು ತಿಳಿಯದೆ?

"ಮಾಯಣ್ಣ," ಅಂದಳು. "ವರ್ಸ ವರ್ಸ ಆ ಎಣ್ಣೆ ಕೊಟ್ಟೋನು ನೀನು. ನಿನ್ನ ಎಣ್ಣೆ ಡಬ್ಬದ ತಳ ಗೋಂದಿನಂಗೆ ಕಟ್ಕೋತದಲ್ಲ, ಅದುನ್ನ ಯಾತರಲ್ಲಿ ತೊಳೀತೀಯ?"

ಮಾಯಣ್ಣ ಮರವನ್ನು ಇನ್ನೂ ಸ್ವಲ್ಪ ನೋಡಿದ. ಹೊರಗೆ ಕ್ಯಾನು ತೊಳೆಯುವ ಸದ್ದು ನಿಂತಿತ್ತು; ಚಿಕ್ಕಬೋರಮ್ಮ ಬಾಗಿಲಿಗೆ ಬಂದು ಉತ್ತರಕ್ಕಾಗಿ ಕಾಯುತ್ತಿದ್ದಳು. ಅವನ ಅಂಗಡಿಯ ಗಿರಾಕಿ ಬೇರೆ.

"ಸ್ಪಿರಿಟ್ಟು. ನನ್ತಾವ ಇದ್ದುದ್ದು ಮುಗೀತು," ಅಂದ ಕೊನೆಗೆ. ಹಲ್ಲು ಕೀಳಿಸಿಕೊಂಡವನ ಮುಖವಾಗಿತ್ತು.

"ಸಾರಾಯಿ ಆದ್ರೂ ಆಯ್ತದೆ," ಎಂದು ಪುಟ್ಟರಾಜು ಉತ್ಸಾಹದಿಂದ ಎದ್ದ. ಅವನನ್ನು ಕಳಿಸಿದರೆ ಪ್ಯಾಕೆಟ್ಟು ಇಂಜಿನ್ನಿನವರೆಗೆ ಬರುವ ಭರವಸೆ ಇರಲಿಲ್ಲ. ಸಿದ್ದಲಿಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ತಾನೇ ಸಾರಾಯಿ ಅಂಗಡಿಗೆ ಹೋದಳು. ಅಲ್ಲಿದ್ದವರು ಎದ್ದು ನಿಂತರು. ಒಬ್ಬ ಲೋಟವನ್ನು ಬೆನ್ನ ಹಿಂದೆ ಬಚ್ಚಿಟ್ಟ.

"ಯಾರಿಗಕ್ಕ?" ಅಂದ ಅಂಗಡಿಯವನು.

"ನಮ್ಮೆಜಮಾನ್ರ ಗಾಡಿಗೆ."

ಸಾರಾಯಿ ಬಿಟ್ಟರೂ ಇಂಜಿನ್ನು ಅಲ್ಲಾಡಲಿಲ್ಲ. ಅದರಲ್ಲಿ ನೀರೆಷ್ಟು ಬೆರೆತಿದೆಯೆಂಬುದನ್ನು ಊರ ಕುಡುಕರಿಗಿಂತ ಮೊದಲು ಕಂಡುಹಿಡಿದದ್ದು ಜಾವಾ. ಕಡೆಗೆ ಬಡಗಿ ಚಲುವಯ್ಯನ ಮನೆಯಿಂದ, ಬಾಗಿಲಿಗೆ ಪಾಲಿಶ್ ಹಾಕುವ ಸ್ಪಿರಿಟ್ಟು ತಂದಳು. ಅದನ್ನು ತೂತಿಗೆ ಬಿಟ್ಟು ನೆನೆಯಲು ಬಿಟ್ಟರು. ಮಾರನೆಯ ದಿನ, ಹಂಡೆಯ ಕುದಿಯುವ ನೀರಿನಲ್ಲಿ ಗೋಣಿಚೀಲ ಅದ್ದಿ, ಬಾಣಂತಿಗೆ ಶಾಖ ಕೊಟ್ಟ ಹಾಗೆ ಇಂಜಿನ್ನಿಗೆ ಸುತ್ತಿದಳು. ಅದು ಆರಿದರೆ ಮತ್ತೊಂದು, ಮತ್ತೊಂದು. ಮಧ್ಯಾಹ್ನದ ಹೊತ್ತಿಗೆ ದಾಸಯ್ಯ ಕಿಕ್ಕರ್ ಮೇಲೆ ಕಾಲಿಟ್ಟ. ಅದು ನಿಧಾನಕ್ಕೆ, ನಿದ್ದೆ ಮುರಿದ ಎಮ್ಮೆಯ ಹಾಗೆ ನಿಟ್ಟುಸಿರು ಬಿಡುತ್ತಾ ಕೆಳಗಿಳಿಯಿತು.

ಅವನು ಇಂಜಿನ್ನಿನ ತಲೆ ಬಿಚ್ಚಿ ಒಳಗೆ ಟಾರ್ಚು ಬಿಟ್ಟು ನೋಡಿದ. ಬೋರು ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

"ಒಂದು ಚುಕ್ಕೆ ತುಕ್ಕಿಲ್ಲ ಕಣಕ್ಕ. ಸರಿಯಾದ ಎಣ್ಣೆ ಬುಟ್ಟಿರೋರ ಗಾಡೀನೂ ಇಂಗಿರಾಕಿಲ್ಲ."

"ನಂದೂ ಸರಿಯಾದ ಎಣ್ಣೇನೆ," ಅಂದಳು ಸಿದ್ದಲಿಂಗಮ್ಮ. "ಗಾಡಿ ಬ್ಯಾರೆ, ಅಷ್ಟೆಯ."

ಆಯುಧಪೂಜೆಯ ಬೆಳಗ್ಗೆ ಹಾಲು ಅಳೆದದ್ದಾಯಿತು. ಹಿಂದಿನ ಸೀಟಿನ ಎರಡೂ ಕಡೆ ಕ್ಯಾನು ಕಟ್ಟಿದರು. ಪುಟ್ಟರಾಜು ತಲೆ ಬಾಚಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು ಬಂದು ನಿಂತಿದ್ದ. ಸಿದ್ದಲಿಂಗಮ್ಮ ನಾಟಿಗೆ ಗದ್ದೆಗಿಳಿಯುವ ಹಾಗೆ ಕಚ್ಚೆ ಕಟ್ಟಿ ಗಾಡಿ ಹತ್ತಿದಳು.

"ಅತ್ಗೆ, ನಾನು?" ಅಂದ ಅವನು.

"ನೀನು ಕನ್ನಡಕ ಕೊಡ್ಲಾ ಇಲ್ಲಿ. ಏರಿ ಮ್ಯಾಲೆ ಕಣ್ಗೆ ಉಳ ಬೀಳ್ತವೆ."

ಎರಡನೆಯ ಒದೆತಕ್ಕೆ ಇಂಜಿನ್ನು ಹತ್ತಿಕೊಂಡಿತು. ಮೂಲೆಮೂಲೆಯಲ್ಲಿ ಅಂಟಿ ಉಳಿದಿದ್ದ ಹರಳೆಣ್ಣೆ ಸುಟ್ಟು ದಟ್ಟವಾದ ಹೊಗೆ ಎದ್ದು, ಬೀದಿಗೆ ಬೀದಿಯೇ ಎಣ್ಣೆನೀರಿನ ದಿನದ ಬಚ್ಚಲಮನೆಯ ಹಾಗೆ ಘಮ್ಮೆಂದಿತು. ಚಕ್ರ ಉರುಳಿತು. ನಿಂಬೆಹಣ್ಣು ಪಚಕ್ಕೆಂದಿತು. ಕೆರೆ ಅಂಗಳದಲ್ಲಿ ಕಲಿತವಳು ಕೆರೆ ಏರಿಯ ಮೇಲೆ ಹೋದಳು. ಈ ಸಲ ಊರು ನಗಲಿಲ್ಲ, ಕೆಮ್ಮಿತು.

ಗೇಟಿನಲ್ಲಿ ಲಾರಿ ಇನ್ನೂ ನಿಂತಿತ್ತು. ಡ್ರೈವರು ಮೂಗು ಏರಿಸಿ, "ಯಾರ ಮನೇಲಿ ಮಗೀಗೆ ನೀರಾಕ್ತಾವ್ರೆ?" ಎಂದು ಸುತ್ತ ನೋಡುತ್ತಿದ್ದಾಗಲೇ ಹೊಗೆಯೊಳಗಿಂದ ಕಪ್ಪು ಕನ್ನಡಕದ ಹೆಂಗಸೊಬ್ಬಳು ಬಂದಿಳಿದಳು. ಪರೀಕ್ಷೆಯವನು ಮುಚ್ಚಳ ತೆಗೆದ, ಮೂಸಿದ, ಹಾಲು ಕಾಯಿಸಿ ನೋಡಿದ. ಒಡೆಯಲಿಲ್ಲ. ಕ್ಯಾನುಗಳು ಲಾರಿ ಹತ್ತಿದವು.

ಮೋರಿ ಕಟ್ಟುವವರೆಗೂ ಹಾಲು ಹಾಗೆಯೇ ಹೋಯಿತು, ಸಂಘ ಮುಚ್ಚಲಿಲ್ಲ. ಮಾಯಣ್ಣನೂ ತನ್ನ ಎಮ್ಮೆಯ ಹಾಲನ್ನು ಹೆಂಡತಿಯ ಹೆಸರಿನಲ್ಲಿ ಅಲ್ಲಿಗೇ ಹಾಕಿಸತೊಡಗಿದ. ಲಾಭ ಎಲ್ಲಿದೆಯೋ ಅಲ್ಲಿ ಅವನ ಮುನಿಸು ಹೆಚ್ಚು ದಿನ ಇರುವುದಿಲ್ಲ. ಮುಂದಿನ ವರ್ಷ ಆಯುಧಪೂಜೆಯ ಮುನ್ನಾದಿನ ಸಿದ್ದಲಿಂಗಮ್ಮ ಅವನ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಎಂದಿನಂತೆ ಬಾಟ್ಲಿ ಚಾಚಿದಳು.

"ಅಳ್ಳೆಣ್ಣೆ ಕೊಡು ಮಾಯಣ್ಣ."

ಅವನು ಬಾಟ್ಲಿ ಹಿಡಿದು, ಗಾಡಿಯನ್ನೊಮ್ಮೆ ಅವಳನ್ನೊಮ್ಮೆ ನೋಡಿದ. "ಯಾವ ಗಾಡಿಗಕ್ಕ?"

"ತಲೆಗೆ ಕಣಪ್ಪ," ಅಂದಳು ಅವಳು.