ಮೂಸಿ ನೋಡಿ ಕಟ್ಟುವ ತಂಗೆವ್ವ

"ಆಂಟಿ, ಇದೇನು, ಜಪಾನಲ್ಲಿ ಮರ ಕೀಸಿದ ಹೊಟ್ಟನ್ನೂ ತಿಂತಾರಾ?"

ಜೆ.ಪಿ. ನಗರದ ಪುಟ್ಟ ಜಪಾನಿ ದಿನಸಿ ಅಂಗಡಿ. ಬೆಳಗಿನ ಆರೂವರೆ. ವಾಕಿಂಗ್ ಮುಗಿಸಿ ಬಂದ ಸುಮನ್ ಗಾಜಿನ ಡಬ್ಬಿಯೊಂದನ್ನು ತೋರಿಸಿ ಕೇಳುತ್ತಿದ್ದಾರೆ. ಒಳಗೆ ತಂಗೆವ್ವ ತೋಫು ಎಂಬ ಸೋಯಾ ಪನೀರಿಗೆ ಬಿಸಿ ಸೋಯಾ ಹಾಲು ಸೋಸುವ ಬಟ್ಟೆ ಹಿಂಡುತ್ತಲೇ ಉತ್ತರ ಕೊಡುತ್ತಾರೆ.

"ಮೀನದು ತಮ್ಮಾ! ಹೊಗಿ ಹಾಕಿ, ಒಣಗಿಸಿ, ಕೀಸ್ಯಾರ. ತಿನ್ನಾಂವ ಇದ್ರ ತಗೋ, ಇಲ್ಲಂದ್ರ ಮುಚ್ಚಳಾ ತಗೀಬ್ಯಾಡ."

"ಅಯ್ಯಪ್ಪಾ! ಇದು?"

"ಮಿಸೊ. ಸೋಯಾ ಕಾಳು ಬೇಯಿಸಿ, ಬೂಷ್ಟು ಹಿಡಿಸಿದ ಅಕ್ಕಿ, ಉಪ್ಪು ಕೂಡಿಸಿ ತಿಂಗಳಗಟ್ಲೆ ಮುಚ್ಚಿಟ್ಟಿದ್ದು. ಒಲಿ ಆರಿಸಿದ ಮ್ಯಾಲ ಸೂಪಿನಾಗ ಕದಡಬೇಕು. ನಮ್ಮ ಸಾರಿನಂಗ ಕುದಿಸಿದ್ರ ಘಮಾ ಹೋತು."

ಬಾದಾಮಿ ಕಡೆಯ ತಂಗೆವ್ವ ಬಿಟಿಎಂನಲ್ಲಿ ಬಾಡಿಗೆಗಿದ್ದಾರೆ. ಆರು ವರ್ಷದ ಹಿಂದೆ ಇಲ್ಲಿ ನೆಲ ಒರೆಸಲು ಸೇರಿದವರು, ಜಪಾನಿನಲ್ಲಿದ್ದು ಬಂದ ಮಾಲಕಿ ಮಧುಮತಿಯವರ ಕೈ ನೋಡುತ್ತಲೇ ತೋಫು ಕಲಿತರು. ಈಗ ದಿನಕ್ಕೆ ನಾಲ್ಕು ಕೆಜಿ ಸೋಯಾ, ಮೂವತ್ತು ತುಂಡು ತೋಫು. ಸೊಂಟ ಹಿಡಿಯುವುದಿಲ್ಲವೇ ಎಂದರೆ, "ಹಿಡೀತದ, ಬಿಡ್ತದ" ಎಂದು ನಗುತ್ತಾರೆ.

ಅವರ ಮುಖ ಬಾಡುವುದು ಸೂಪಿನ ಪುಡಿಯ ಮಾತು ಬಂದಾಗ. ಪುಡಿಯಲ್ಲಿ ಎರಡು ಬಗೆ: ಒಂದು ಕಡಲಪಾಚಿಯದು, ಇನ್ನೊಂದು ಮೀನಿನದು. ನೋಡಲು ಎರಡೂ ಕಂದು. ತಂಗೆವ್ವ ಲಿಂಗ ಕಟ್ಟಿಕೊಂಡವರು. ಪುಡಿಯನ್ನು ಪೊಟ್ಟಣಕ್ಕೆ ತುಂಬುವಾಗ ಮೂಗಿಗೆ ಸೆರಗು ಬಿಗಿದು ಕೂರುತ್ತಿದ್ದರು. ನಾಲಿಗೆಗಿಟ್ಟು ನೋಡುವ ಮಾತಂತೂ ಇಲ್ಲವೇ ಇಲ್ಲ. ಹಾಗಾಗಿಯೇ ಎಂಟು ತಿಂಗಳ ಹಿಂದೆ ಪುಡಿ ಅದಲುಬದಲಾಗಿ, ಮೀನಿನ ಪೊಟ್ಟಣವೊಂದು ಜಯನಗರದ ಸೀತಾಲಕ್ಷ್ಮಿಯವರ ಅಡುಗೆಮನೆ ಸೇರಿತು. ಈರುಳ್ಳಿಯನ್ನೂ ಮುಟ್ಟದ ಮನೆ ಅದು.

ಮರುದಿನ ಮಧುಮತಿ ಡಬ್ಬಿ ಮೂಸಿ ತಪ್ಪು ಹಿಡಿಯುತ್ತಲೇ ತಂಗೆವ್ವ ಅವರ ಮನೆಗೇ ಹೋದರು. "ಅಷ್ಟೊತ್ತಿಗೆ ಒಂದ್ಸಲ ಸೂಪು ಮಾಡಿ ಕುಡದಿದ್ರು. ಹೇಳದಿದ್ರ ಯಾರಿಗೂ ಗೊತ್ತಾಗತಿದ್ದಿಲ್ಲ. ಆದ್ರ ನನಗ ಗೊತ್ತಿತ್ತಲ್ಲರಿ? ಅಮ್ಮಾರು ಬಾಗಲಾ ಹಾಕ್ಕೊಂಡ್ರು."

ಅಂದಿನಿಂದ ಸೆರಗು ಮೂಗಿನಿಂದ ಇಳಿದಿದೆ. ಒಂದೊಂದು ಪೊಟ್ಟಣವನ್ನೂ ಮೂಸಿಯೇ ಕಟ್ಟುತ್ತಾರೆ. "ಮೊದಮೊದಲು ಮೂಸಿದ ಕೂಡ್ಲೇ ಹೊರಗ ಓಡ್ತಿದ್ದೆ. ಈಗ ನೋಡ್ರಿ, ಮೀನು ತಿನ್ನದ ಮೂಗಿಗೇ ಮೀನು ಲಗೂನ ಸಿಗ್ತದ. ಅಮ್ಮಾರು ಒಂದ್ಸಲ ಬಂದ್ರ ಸಾಕರಿ, ಮತ್ತೇನೂ ಬ್ಯಾಡ."

ಏಳು ಗಂಟೆಯ ಹೊತ್ತಿಗೆ ಬಾಗಿಲಲ್ಲಿ ಬಟ್ಟೆಯ ಚೀಲ ಹಿಡಿದ ಹಿರಿಯರೊಬ್ಬರು ಬಂದು ನಿಲ್ಲುತ್ತಾರೆ. ಸೀತಾಲಕ್ಷ್ಮಿ! ತಂಗೆವ್ವ ಕೈ ಒರೆಸಿಕೊಳ್ಳುವುದನ್ನೂ ಮರೆಯುತ್ತಾರೆ.

"ಏನಮ್ಮ ತಂಗೆವ್ವ, ಇವತ್ತಾದ್ರೂ ಪಾಚಿ ಪುಡಿ ಕೊಡ್ತೀಯೋ, ಇಡೀ ಸಮುದ್ರಾನೇ ಕಟ್ಟಿಕೊಡ್ತೀಯೋ?"

"ಅಮ್ಮಾರ, ನೀವು..."

"ಬೇರೆ ಅಂಗಡೀಲಿ ಪುಡೀಲಿ ಮೀನಿದ್ಯಾ ಅಂತ ಕೇಳ್ದೆ. 'ಮೀನೆಲ್ಲಾ ಇರಲ್ಲ ಬಿಡಿ ಆಂಟಿ' ಅಂದ, ಡಬ್ಬಿ ಕಡೆ ತಿರುಗೂ ನೋಡ್ಲಿಲ್ಲ. ಅಂಥವನನ್ನ ಹೇಗೆ ನಂಬೋದು? ನೀನಾದ್ರೆ ತಪ್ಪಾದ್ರೂ ಮನೆಗೆ ಬಂದು ಹೇಳ್ತೀಯ."

ತಂಗೆವ್ವ ಕಡಲಪಾಚಿಯ ಪುಡಿಯನ್ನು ಕಾಗದಕ್ಕೆ ಸುರಿದು, ಉಸಿರೆಳೆದು ಮೂಸುತ್ತಾರೆ. ಇನ್ನೊಮ್ಮೆ ಮೂಸುತ್ತಾರೆ. ಆಮೇಲೆ ಕಾಗದವನ್ನು ಮುಂದೆ ಹಿಡಿಯುತ್ತಾರೆ. "ನೀವೂ ನೋಡ್ರಿ, ಅಮ್ಮಾರ."

"ನಂಗೆ ನೆಗಡಿ ಕಣೇ. ನೀನು ನೋಡಿದ್ಯಲ್ಲ, ಕಟ್ಟು."

ತಂಗೆವ್ವ ಕಟ್ಟಲು ಹೋಗುತ್ತಾರೆ. ಒದ್ದೆ ಕೈಯಿಂದ ದಾರ ಎರಡು ಸಲ ಜಾರುತ್ತದೆ. ಸೀತಾಲಕ್ಷ್ಮಿ ಮುಂದೆ ಬಾಗಿ ದಾರದ ಮೇಲೆ ಬೆರಳಿಡುತ್ತಾರೆ. ಗಂಟು ಬೀಳುತ್ತದೆ.