ಐವತ್ತು ಪೌಂಡ್ ಗಾಳಿ

ಗಂಗಾಧರ, ಆ ದಿನ ನಾನು ಫಟಫಟಿ ಓಡಿಸಿಕೊಂಡು ರಾಮದುರ್ಗ ಮುಟ್ಟಿದಾಗ ಹಿಂದಿನ ಟಾಯರಿನಲ್ಲಿ ಐವತ್ತು ಪೌಂಡ್ ಗಾಳಿ ಇರಲಿಲ್ಲ. ಮೂವತ್ತೆರಡು ಇತ್ತು. ನಿನ್ನ ಮಾತೇ ಸರಿಯಾಗಿತ್ತು — ಹೂಲಿಯ ಹತ್ತಿರವೇ ನನಗೆ ಅದು ಗೊತ್ತಾಗಿತ್ತು. ಗೊತ್ತಿದ್ದೂ ಬೈಲಹೊಂಗಲದ ಮಂದಿಯ ಎದುರು, ನಿನ್ನ ಮುಖ ನೋಡಿ, ಸುಳ್ಳು ಹೇಳಿದೆ.

ಇದನ್ನು ಊರೆಲ್ಲ ಓದಲಿ ಎಂದೇ ಅಚ್ಚಿಗೆ ಕೊಡುತ್ತಿದ್ದೇನೆ. ಆದ್ದರಿಂದ ನಿನಗೆ ಗೊತ್ತಿರುವುದನ್ನೂ ಬರೆಯಬೇಕು.

ದೊಡ್ಡ ಲಡಾಯಿ ಮುಗಿದ ಮೇಲೆ ಬೆಳಗಾವಿಯ ದಂಡಿನ ಲಿಲಾವಿನಲ್ಲಿ ಸವಾಲು ಕೂಗಿ ನಮ್ಮ ಕಾಕಾ ಒಂದು ಮೋಟಾರ್ ಸೈಕಲ್ಲು, ಈ ಫಟಫಟಿ, ಹಿಡಿದರು. ಅವರದು ಹತ್ತಿಯ ಅಡತ್ತಿ, ದಲಾಲಿ ವ್ಯಾಪಾರ. ಸವದತ್ತಿ, ರಾಮದುರ್ಗಗಳ ಪೇಟೆಯ ಸುದ್ದಿ ಬೇಗ ಬೇಕಿತ್ತು. ಆದರೆ ಗಾಡಿಯ ಹಿಂದಿನ ಟಾಯರ್ ಸೀಳಿತ್ತು, ಹೊಸದು ಮುಂಬಯಿಯಲ್ಲೂ ಸಿಗಲಿಲ್ಲ. ಕೊನೆಗೆ ಒಬ್ಬ ವಕೀಲರ ಸಣ್ಣ ಕಾರಿನ ಟಾಯರ್ ತಂದು ಹಾಕಿದೆವು. ರಿಮ್ಮಿಗೆ ಸರಿಯಾಗಿ ಕೂತಿತು. ಗಾಳಿ ಎಷ್ಟು? ಕಾರಿಗಿದ್ದಾಗ ಐವತ್ತು ತುಂಬುತ್ತಿದ್ದರು. ಇಲ್ಲೂ ಅಷ್ಟೇ ಬೇಕೆಂದು ನಾನು, ಬೇಡವೆಂದು ನೀನು.

ನಾವಿಬ್ಬರೂ ಆಗಷ್ಟೇ ಧಾರವಾಡದ ಕಾಲೇಜು ಮುಗಿಸಿ ಬಂದವರು, ಚರ್ಚಾಕೂಟದಲ್ಲಿ ನಾಲಿಗೆ ಮಸೆದವರು. ನನ್ನಷ್ಟೇ ಬಾಯಿಬಡಕ ನೀನು. ಜಂಭ ನನಗಿಂತ ಒಂದು ಕೈ ಮಿಗಿಲು. ಕಾಕಾ ಅಡತ್ತಿಯ ಕಟ್ಟೆಯ ಮೇಲೆ ಕೂತು, "ಯಾರ ಮಾತು ಖರೇ ಆಗತೈತೋ ನಾ ಹಾಕೋ ಮೋಟಾರ್ ರಿಪೇರಿ ಶೆಡ್ಡು ಅವನ ಕೈಯಾಗ" ಅಂದುಬಿಟ್ಟರು. ನನಗೆ ಶೆಡ್ಡಿಲ್ಲದಿದ್ದರೆ ಅಡತ್ತಿ ಇತ್ತು. ನಿನಗೆ ಆ ಶೆಡ್ಡು ಬಿಟ್ಟರೆ ಯಂತ್ರದ ಹತ್ತಿರ ಹೋಗುವ ಬೇರೆ ದಾರಿಯೇ ಇರಲಿಲ್ಲ. ಇದೂ ನನಗೆ ಗೊತ್ತಿತ್ತು.

"ಲೇ ಶಿವ್ಯಾ, ಕುದರಿ ಜೀನು ತಂದು ಆಡಿಗೆ ಬಿಗಿದಂಗಾತು ನಿನ್ನ ವಾದ," ಎಂದೆ ನೀನು. "ಕಾರಿನ ಭಾರಕ್ಕ ಐವತ್ತು ಬೇಕಪಾ. ಈ ಹಗೂರ ಗಾಡಿಗೂ ಅಷ್ಟಽ ತುಂಬಿದ್ರ ಟಾಯರ್ ಕಲ್ಲಾಗತೈತಿ, ನಡುವಿನ ಒಂದು ಪಟ್ಟಿ ಅಷ್ಟಽ ನೆಲಾ ಮುಟ್ಟತೈತಿ. ಅಂಚು ರಿಮ್ ಬಿಡಬಾರದು — ಅಷ್ಟು ಗಾಳಿ ಇದ್ರ ಸಾಕು."

ಮಾತು ನೆಟ್ಟಗಿತ್ತು. ನೆಟ್ಟಗಿದ್ದ ಮಾತನ್ನು ಸೊಟ್ಟಗೆ ಕಾಣಿಸುವುದನ್ನೇ ನಾನು ಕಲಿತಿದ್ದೆ.

"ಸಾಕು ಅಂದ್ರ ಎಷ್ಟೋ? ಇವತ್ತು ಮೂವತ್ತು ಅಂತಿ, ನಾಳೆ ಇಪ್ಪತ್ತು ಅಂತಿ, ನಾಡದ ಬಾಯಿಲೇ ಊದ್ರಿ ಅಂತಿ! ಅಂಚು ಕಿತ್ತು ಬಂದ್ರ ಕಾಕಾನ್ನ ಹೆಗಲ ಮ್ಯಾಲ ಹೊತ್ಕೊಂಡು ಬರಾವ ನೀನೇನು?"

ಕಟ್ಟೆಯೇ ನಕ್ಕಿತು. ಕಾಕಾ ಐವತ್ತು ತುಂಬಿಸಿ ನನ್ನನ್ನು ರಾಮದುರ್ಗಕ್ಕೆ ಕಳಿಸಿದರು: ಹೋಗಿ ಬಂದು ತೋರಿಸು.

ಸವದತ್ತಿ ದಾಟುವ ತನಕ ಹಲ್ಲು ಕಚ್ಚಿಕೊಂಡು ಕೂತೆ. ಹೂಲಿಯ ಇಳಿಜಾರಿನಲ್ಲಿ ಹಿಂದಿನ ಗಾಲಿ ಪುಟಿದು ಅಡ್ಡ ಹೊಡೆಯಿತು. ದಾರಿಯ ಗರಸಿನ ಹರಳುಗಳ ಮೇಲೆ ಬಿದ್ದೆ. ಎದ್ದು ಟಾಯರ್ ನೋಡಿದೆ — ನಡುವೆ ಒಂದೇ ಪಟ್ಟಿಗೆ ಧೂಳು ಹತ್ತಿತ್ತು, ಎರಡೂ ಬದಿ ಹೊಸದರಂತೆ ಕಪ್ಪಗಿದ್ದವು. ನೀನು ಹೇಳಿದ ಹಾಗೆಯೇ. ಸುತ್ತ ಯಾರೂ ಇರಲಿಲ್ಲ. ಸ್ವಲ್ಪ ಗಾಳಿ ಬಿಟ್ಟೆ, ಸ್ವಲ್ಪ ಓಡಿಸಿದೆ, ಮತ್ತೆ ಬಿಟ್ಟೆ. ಜೊತೆಗಿದ್ದ ಗಾಳಿ ಅಳೆಯುವ ಗೇಜು ಮೂವತ್ತೆರಡು ತೋರಿಸಿದಾಗ ಟಾಯರ್ ಅಗಲವಾಗಿ ನೆಲ ಹಿಡಿಯಿತು. ಅಂಚು ಬಿಗಿಯಾಗಿಯೇ ಇತ್ತು.

ಆಮೇಲಿನ ಸವಾರಿ — ಅದನ್ನು ತಪ್ಪೊಪ್ಪಿಗೆಯಲ್ಲೂ ತಗ್ಗಿಸಿ ಬರೆಯಲಾರೆ. ತೊರಗಲ್ಲಿನ ಕೋಟೆ ಬಲಕ್ಕೆ ಬಂತು, ಹಿಂದೆ ಬಿತ್ತು. ಮಲಪ್ರಭೆಯ ದಂಡೆಯ ಉಸುಕು, ಎತ್ತುಗಳೇ ಏದುಸಿರು ಬಿಡುವಂಥದ್ದು, ಗಾಡಿ ಅದನ್ನು ತುಳಿದು ನುಗ್ಗಿತು. ಎರೆ ಹೊಲದಲ್ಲಿದ್ದವರು ಕೆಲಸ ಬಿಟ್ಟು ಕೂಗುತ್ತ ಓಡಿ ಬಂದರು. ನಾನು ಹಾಡುತ್ತಿದ್ದೆ! ಗೆಲುವೆಂದರೆ ಅದು. ನಿನ್ನ ಗೆಲುವು, ಮೇಲೆ ಕೂತಿದ್ದವನು ಮಾತ್ರ ನಾನು.

ಮರಳುವಾಗ ಊರ ಹೊರಗೆ ನಿಂತು, ಕೈಪಂಪು ಹೊಡೆದು ಮತ್ತೆ ಐವತ್ತು ತುಂಬಿದೆ. ಕಾಕಾ ಗೇಜು ಹಚ್ಚಿ ನೋಡಿದರು: ಐವತ್ತು. ನೀನು ಟಾಯರಿನ ಮೇಲೆ ಅಂಗೈ ಇಟ್ಟೆ.

"ಐವತ್ತರಾಗಽ ಹೋಗಿ ಬಂದ್ಯೇನೋ?"

"ಹೂಂ. ಐವತ್ತರಾಗಽ."

"ಹಂಗಾರ ನನ್ನ ಲೆಕ್ಕ ತಪ್ಪು," ಎಂದೆ ನೀನು, ಎಲ್ಲರಿಗೂ ಕೇಳುವಂತೆ.

ಜಾತಕ ಹೇಳುವವರ ಮುಂದೆ 'ಆಧಾರ ತೋರಿಸ್ರಿ' ಎಂದು ತೊಡೆ ತಟ್ಟುತ್ತಿದ್ದವನು ನಾನು. ಅವರು ಸುಳ್ಳನ್ನು ನಂಬಿ ಹೇಳುತ್ತಿದ್ದರು. ನಾನು ಸುಳ್ಳಿಗೆ ಆಧಾರವನ್ನೇ ತಯಾರಿಸಿದೆ, ಬೆವರು ಸುರಿಸಿ.

ಶೆಡ್ಡು ನನ್ನದಾಯಿತು. ನೀನು ರಾಮದುರ್ಗ ಸಂಸ್ಥಾನದ ಕಚೇರಿಯಲ್ಲಿ ಕಾಗದ ನಕಲು ಮಾಡಲು ಹೋದೆ. ನಾನು ವರ್ಷಗಟ್ಟಲೆ ಊರೊಳಗೆ ಐವತ್ತು, ಊರು ದಾಟಿದ ಮೇಲೆ ಮೂವತ್ತೆರಡು ಎಂದು ಕಳ್ಳಾಟ ಆಡುತ್ತ ಓಡಿಸಿದೆ. ಮೊನ್ನೆ ರಾಮದುರ್ಗದ ಒಬ್ಬ ಸವಾರ ಬಿದ್ದು ಮೊಣಕೈ ತರಚಿಸಿಕೊಂಡು ನಮ್ಮ ಶೆಡ್ಡಿಗೆ ಬಂದ. ಅವನ ಫಟಫಟಿಗೂ ಕಾರಿನ ಟಾಯರು, ಕಲ್ಲಿನಂತೆ ಬಿಗಿದಿತ್ತು. ಇಷ್ಟು ಗಾಳಿ ಯಾಕೆ ಎಂದು ಕೇಳಿದೆ. "ಕಚೇರಿ ಗಂಗಾಧರಪ್ಪನವರು ಹೇಳ್ಯಾರ್ರೀ. ಬೈಲಹೊಂಗಲದ ಅವರ ಗೆಳೆಯಾ ಐವತ್ತರಾಗಽ ಓಡಿಸಿ ತೋರಿಸ್ಯಾನಂತ."

ನನ್ನ ಸುಳ್ಳಿಗೆ ನೀನು ಇನ್ನೂ ಸಾಕ್ಷಿ ನುಡಿಯುತ್ತಿದ್ದೀ —

ನಿನ್ನೆ ಕಟ್ಟೆಯ ಮುಂದೆ ಮಂದಿ ಕೂಡಿಸಿ ಎಲ್ಲವನ್ನೂ ಹೇಳಿದೆ.

"ಹಂಗಾರ ಗಂಗಾಧರನ ಮಾತಽ ಖರೇ?" ಎಂದರು ಕಾಕಾ.

"ಹೌದ್ರಿ ಕಾಕಾ. ಅವತ್ತೂ ಖರೇ, ಇವತ್ತೂ ಖರೇ."

ಅವರು ನನ್ನ ಮುಖ ನೋಡಲಿಲ್ಲ. ತಾವೇ ಮೂವತ್ತೆರಡಕ್ಕೆ ಗಾಳಿ ಇಳಿಸಿ, ಹಿಂದೆ ಹತ್ತಿ ಕೂತು, "ನಡಿ" ಅಂದರು. ಊರಿನ ಏರು, ಗರಸು, ಹಳ್ಳದ ಉಸುಕು — ಎಲ್ಲಿಯೂ ಗಾಲಿ ಪುಟಿಯಲಿಲ್ಲ. ಹಿಂದಿನಿಂದ ಮಂದಿ ಕೂಗುತ್ತಿದ್ದರು: "ಗಂಗಾಧರ ಗೆದ್ದಾ! ಶಿವ್ಯಾ ಸೋತಾ!" ಇಷ್ಟು ಸುಖವಾಗಿ ನಾನು ಯಾವ ವಾದದಲ್ಲೂ ಸೋತಿರಲಿಲ್ಲ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಅದೂ ಒಂದು ವಾದವಾದೀತು, ನನಗೆ ಗೆಲ್ಲುವ ಚಟವಿದೆ. ಶೆಡ್ಡಿನ ಚಾವಿ ನಿನ್ನ ಹೆಸರು ಹೇಳಿ ಕಾಕಾನ ಕೈಗೆ ಕೊಟ್ಟಿದ್ದೇನೆ. ಬರುವುದು ಬಿಡುವುದು ನಿನ್ನದು. ನೀನು ಬರದಿದ್ದರೆ ಆ ಬಾಗಿಲು ಮುಚ್ಚಿಯೇ ಇರಲಿ — ಅದನ್ನು ತೆರೆಯುವ ಕೈ ನನ್ನದಲ್ಲ.